ಭೂಮಿಯೊಳಗಿನ ಅಮಾನತ್ತು: ಗಣಿ ಕಂಪೆನಿಗಳ ಹೊಣೆ ಎಲ್ಲಿಯವರೆಗೆ?

ಯಮನ್‌ನ ಮಅ್‌ರಿಬ್ ಎಂಬಲ್ಲಿ ಒಂದು ಉಪ್ಪಿನ ಗಣಿಯಿತ್ತು. ಅಬ್ಯಝ್ ಬಿನ್ ಹಮ್ಮಾಲ್(ರ) ಎಂಬ ಸಹಾಬಿ ಪ್ರವಾದಿವರ್ಯರ(ಸ) ಬಳಿಗೆ ಬಂದು ಅದನ್ನು ತನಗೆ ಬಿಟ್ಟುಕೊಡಬೇಕೆಂದು ವಿನಂತಿಸಿದರು. ಪ್ರವಾದಿವರ್ಯರು(ಸ) ಒಪ್ಪಿದರು. ಅವರು ಎದ್ದು ಹೊರಟಾಗ ಸಭೆಯಲ್ಲಿದ್ದ ಒಬ್ಬರು, ಅವರಿಗೆ ಕೊಟ್ಟದ್ದು ಎಂದೂ ಬತ್ತದ ನೀರಿನ ಸೆಲೆಯಂಥದ್ದು ಎಂದು ಗಮನಕ್ಕೆ ತಂದರು. ಅಂದರೆ ಅಗೆಯುವ ಶ್ರಮವೇ ಇಲ್ಲದೆ ಯಾರು ಬೇಕಾದರೂ ತುಂಬಿಕೊಂಡು ಹೋಗಬಹುದಾದ ಉಪ್ಪು ಅದು. ವಿಷಯ ತಿಳಿದ ಕೂಡಲೇ ಪ್ರವಾದಿವರ್ಯರು(ಸ) ಕೊಟ್ಟದ್ದನ್ನು ಹಿಂದಕ್ಕೆ ಪಡೆದರು. ಅಬೂದಾವೂದ್ ಮತ್ತು ತಿರ್ಮಿದಿ ಹದೀಸ್ ಸಂಗ್ರಹಗಳಲ್ಲಿ ಈ ಘಟನೆ ಇದೆ.

ಸಣ್ಣ ಘಟನೆಯೆಂದು ಕಾಣುತ್ತದೆ. ಆದರೆ ಗಣಿ ಯಾರದ್ದು ಎಂಬ ಚರ್ಚೆಯನ್ನು ಫಿಕ್‌ಹ್ ವಿದ್ವಾಂಸರು ಬೆಳೆಸಿದ್ದು ಇದರ ಮೇಲೆಯೇ. 11ನೇ ಶತಮಾನದ ಶಾಫಿಈ ವಿದ್ವಾಂಸ ಇಮಾಮ್ ಮಾವರ್ದಿಯವರು ಗಣಿಗಳನ್ನು ಎರಡಾಗಿ ವಿಂಗಡಿಸಿದರು. ಉಪ್ಪು, ಸುರ್ಮಾದ ಕಲ್ಲಿನಂತೆ ಮೇಲೆಯೇ ಸಿಗುವಂಥವು ಒಂದು ಬಗೆ. ಅವು ನೀರಿನಂತೆ ಎಲ್ಲರಿಗೂ ಸೇರಿದ್ದು, ಆಳುವವನು ಯಾರೊಬ್ಬನಿಗೂ ಬರೆದುಕೊಡುವಂತಿಲ್ಲ. ಚಿನ್ನ, ಬೆಳ್ಳಿ, ತಾಮ್ರ, ಕಬ್ಬಿಣದಂತೆ ಅಗೆದು, ಶೋಧಿಸಿ, ಕರಗಿಸಿ ತೆಗೆಯಬೇಕಾದವು ಇನ್ನೊಂದು ಬಗೆ. ಅವುಗಳನ್ನು ಒಬ್ಬರಿಗೆ ವಹಿಸಬಹುದೇ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಬಿಲಾಲ್ ಬಿನ್ ಹಾರಿಸ್ ಮುಝನಿ(ರ) ಅವರಿಗೆ ಕಬಲಿಯ್ಯಾ ಪ್ರದೇಶದ ಗಣಿಗಳನ್ನು ಪ್ರವಾದಿವರ್ಯರು(ಸ) ವಹಿಸಿದ ಉದಾಹರಣೆಯೂ ಇದೆಯಲ್ಲ. ಗಣಿಯಿಂದ ಬಂದದ್ದರಲ್ಲಿ ಹನಫೀ ಮದ್‌ಹಬ್‌ನವರು ಐದನೇ ಒಂದು ಪಾಲನ್ನು ಹೇಳುತ್ತಾರೆ. ಶಾಫಿಈ ಮದ್‌ಹಬ್‌ನಲ್ಲಿ ಚಿನ್ನ ಮತ್ತು ಬೆಳ್ಳಿಗೆ ಮಾತ್ರ, ನಲವತ್ತನೇ ಒಂದು ಪಾಲು. ಲೆಕ್ಕ ಬೇರೆ ಬೇರೆಯಾದರೂ, ಅಗೆದವನು ತೆಗೆದದ್ದೆಲ್ಲ ಅವನದ್ದೇ ಎಂದು ಯಾರೂ ಹೇಳಲಿಲ್ಲ.

ಇಂದು ಗಣಿಯನ್ನು ಕೊಡುವುದು ಸರಕಾರದ ಇಲಾಖೆ. ಪಡೆಯುವುದು ಒಂದು ಕಂಪೆನಿ. ಆ ಕಂಪೆನಿಯ ಒಡೆತನ ಇನ್ನೊಂದು ದೇಶದ ಇನ್ನೊಂದು ಕಂಪೆನಿಯ ಕೈಯಲ್ಲಿ, ಅದರ ಶೇರುಗಳು ಮತ್ತೆಲ್ಲೋ ಇರುವ ಲಕ್ಷಾಂತರ ಜನರ ಬಳಿ. ಗಣಿಯಿಂದ ಯಾರದೋ ಬಾವಿ ಕೆಟ್ಟರೆ, ಯಾರದೋ ಮಗುವಿಗೆ ಕಾಯಿಲೆ ಬಂದರೆ ಯಾರನ್ನು ಕೇಳಬೇಕು?

ಕಂಪೆನಿ ಕಾನೂನು ಇದಕ್ಕೆ ಬಹುಕಾಲ ಕೊಟ್ಟ ಉತ್ತರ ಸರಳವಾಗಿತ್ತು. ಪ್ರತಿಯೊಂದು ಕಂಪೆನಿಯೂ ಪ್ರತ್ಯೇಕ ವ್ಯಕ್ತಿ. ಮಾತೃ ಸಂಸ್ಥೆ ಬೇರೆ, ಅದರ ಅಂಗಸಂಸ್ಥೆ ಬೇರೆ. ಮಗನ ಹೆಸರಿನಲ್ಲಿ ಅಂಗಡಿ ಹಾಕಿ ಕೀಲಿಕೈಯನ್ನು ತಂದೆ ತನ್ನ ಜೇಬಿನಲ್ಲೇ ಇಟ್ಟುಕೊಂಡ ಹಾಗೆ. ಸಂಜೆ ಗಲ್ಲಾಪೆಟ್ಟಿಗೆ ಎಣಿಸುವಾಗ ಅಂಗಡಿ ತಂದೆಯದ್ದು, ಸಾಲಗಾರ ಬಾಗಿಲಿಗೆ ಬಂದಾಗ ಅಂಗಡಿ ಮಗನದ್ದು. ಈ ಏರ್ಪಾಡಿಗೆ ಮೊದಲ ದೊಡ್ಡ ಪೆಟ್ಟು ಕೊಟ್ಟ ಪ್ರಕರಣಗಳಲ್ಲಿ ಒಂದು ಆಫ್ರಿಕಾದ ಝಾಂಬಿಯಾದಿಂದ ಬಂದದ್ದು. ಅದರಲ್ಲಿ ಪ್ರತಿವಾದಿಯಾಗಿದ್ದುದು ನಮ್ಮ ದೇಶದ ಉದ್ಯಮಿ ಅನಿಲ್ ಅಗರ್ವಾಲ್ ಕಟ್ಟಿದ ವೇದಾಂತ ಸಮೂಹ. ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಝಾಂಬಿಯಾದ ಉತ್ತರ ಭಾಗದಲ್ಲಿ ತಾಮ್ರದ ಸೀಮೆ ಇದೆ. ಅಲ್ಲಿನ ಚಿಂಗೋಲಾ ಪಟ್ಟಣದ ಬಳಿ ಎನ್‌ಚಾಂಗಾ ಎಂಬ ಬೃಹತ್ ತಾಮ್ರದ ಗಣಿ. ಅದನ್ನು ನಡೆಸುವ ಕೊಂಕೋಲಾ ಕಾಪರ್ ಮೈನ್ಸ್ ಕಂಪೆನಿಯನ್ನು 2004ರಲ್ಲಿ ಲಂಡನ್ನಿನಲ್ಲಿ ನೋಂದಾಯಿತವಾದ ವೇದಾಂತ ರಿಸೋರ್ಸಸ್ ತನ್ನ ವಶಕ್ಕೆ ತೆಗೆದುಕೊಂಡಿತು. ಝಾಂಬಿಯಾ ಸರಕಾರದ ಕಡೆಗೂ ಅದರಲ್ಲಿ ಸಣ್ಣ ಪಾಲಿತ್ತು. ತಾಮ್ರದ ಅದಿರನ್ನು ನುಣ್ಣಗೆ ಅರೆದು, ಗಂಧಕಾಮ್ಲದಲ್ಲಿ ನೆನೆಸಿ ಲೋಹವನ್ನು ಬೇರ್ಪಡಿಸುತ್ತಾರೆ. ಉಳಿಯುವ ಕೆಸರಿನಲ್ಲಿ ಆಮ್ಲವೂ ಇರುತ್ತದೆ, ತಾಮ್ರ ಮತ್ತು ಮ್ಯಾಂಗನೀಸ್‌ನಂಥ ಲೋಹಗಳೂ ಕರಗಿರುತ್ತವೆ. ಅದನ್ನು ಕೊಳವೆಯಲ್ಲಿ ಸಾಗಿಸಿ ದೊಡ್ಡ ಕಟ್ಟೆಯೊಳಗೆ ನಿಲ್ಲಿಸಬೇಕು. 2006ರ ನವೆಂಬರ್‌ನಲ್ಲಿ ಕೊಳವೆ ಒಡೆದು ಆ ಕೆಸರು ಹತ್ತಿರದ ಮುಶಿಶಿಮಾ ಹೊಳೆಗೆ, ಅಲ್ಲಿಂದ ಕಫೂಯೆ ನದಿಗೆ ಸೇರಿತು. ಹೊಳೆಯ ದಂಡೆಯಲ್ಲಿರುವವರು ಸಣ್ಣ ರೈತರು. ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ದನಗಳಿಗೆ, ಗದ್ದೆಗೆ ಎಲ್ಲಕ್ಕೂ ಅದೇ ನೀರು. ರಾಜಧಾನಿ ಲುಸಾಕಾಕ್ಕೂ ಕಫೂಯೆಯ ನೀರು ಹೋಗುತ್ತದೆ.

ಜನರು ಮೊದಲು ತಮ್ಮ ದೇಶದ ನ್ಯಾಯಾಲಯಕ್ಕೇ ಹೋದರು. 2011ರಲ್ಲಿ ಅಲ್ಲಿನ ಹೈಕೋರ್ಟ್ ಸುಮಾರು ಎರಡು ಸಾವಿರ ಮಂದಿಗೆ ಪರಿಹಾರ ಕೊಡಬೇಕೆಂದು ಆದೇಶಿಸಿತು. ಮೇಲ್ಮನವಿಯಲ್ಲಿ ಝಾಂಬಿಯಾದ ಸುಪ್ರೀಂ ಕೋರ್ಟ್ 2015ರಲ್ಲಿ ಕಂಪೆನಿಯ ತಪ್ಪನ್ನು ಎತ್ತಿ ಹಿಡಿಯಿತಾದರೂ ಪರಿಹಾರವನ್ನು 12 ಮಂದಿಗೆ ಸೀಮಿತಗೊಳಿಸಿತು. ಆ 12 ಮಂದಿಯ ಬಳಿ ಮಾತ್ರ ವೈದ್ಯಕೀಯ ದಾಖಲೆಗಳಿದ್ದವು. ಉಳಿದವರು ಆ ನೀರನ್ನು ಕುಡಿದದ್ದು ನಿಜ, ಆದರೆ ಕುಡಿದು ಏನಾಯಿತು ಎಂಬುದಕ್ಕೆ ಕಾಗದವಿರಲಿಲ್ಲ.

ಅದೇ ವರ್ಷ ಚಿಂಗೋಲಾದ ನಾಲ್ಕು ಸಮುದಾಯಗಳ 1,826 ಮಂದಿ ಲಂಡನ್ನಿನಲ್ಲಿ ಮೊಕದ್ದಮೆ ಹೂಡಿದರು. ಅಂಗಸಂಸ್ಥೆಯ ಮೇಲೆ ಮಾತ್ರವಲ್ಲ, ಮಾತೃ ಸಂಸ್ಥೆಯಾದ ವೇದಾಂತದ ಮೇಲೂ. ಗಣಿ ಝಾಂಬಿಯಾದಲ್ಲಿ, ಹೊಳೆ ಝಾಂಬಿಯಾದಲ್ಲಿ, ಬಾಧಿತರು ಅಲ್ಲಿಯವರು. ಹಾಗಿರುವಾಗ ಇಂಗ್ಲೆಂಡಿನ ನ್ಯಾಯಾಲಯಕ್ಕೆ ಇಲ್ಲೇನು ಕೆಲಸ ಎಂಬುದು ಕಂಪೆನಿಯ ವಾದ. ಈ ಒಂದು ಪ್ರಶ್ನೆಯೇ ಮೂರು ನ್ಯಾಯಾಲಯಗಳನ್ನು ದಾಟಿ, 2019ರ ಏಪ್ರಿಲ್ 10ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಯಿತು. ತೀರ್ಪು ಹಳ್ಳಿಗರ ಪರ ಬಂತು.

ತೀರ್ಪಿನಲ್ಲಿ ಎರಡು ಮಾತುಗಳು ಮುಖ್ಯ. ಮಾತೃ ಸಂಸ್ಥೆ ಎಂಬ ಕಾರಣಕ್ಕೆ ಮಾತ್ರ ಹೊಣೆ ಬರುವುದಿಲ್ಲ. ಆದರೆ ಅಂಗಸಂಸ್ಥೆಯ ಕೆಲಸದಲ್ಲಿ ಅದು ಎಷ್ಟರ ಮಟ್ಟಿಗೆ ಕೈಹಾಕಿದೆ, ನಿಯಂತ್ರಿಸಿದೆ, ಮೇಲ್ವಿಚಾರಣೆ ಮಾಡಿದೆ, ಸಲಹೆ ಕೊಟ್ಟಿದೆ ಎಂಬುದರ ಮೇಲೆ ಹೊಣೆ ನಿಲ್ಲುತ್ತದೆ ಎಂಬುದು ಮೊದಲನೆಯದು. ಇಲ್ಲಿ ಸ್ವಾರಸ್ಯವೊಂದಿದೆ. ನ್ಯಾಯಾಲಯ ಇದಕ್ಕೆ ಆಧಾರವಾಗಿ ನೋಡಿದ್ದು ವೇದಾಂತವೇ ಪ್ರಕಟಿಸಿದ್ದ ವರದಿಗಳನ್ನು. ನಮ್ಮ ಸಮೂಹದ ಎಲ್ಲ ಗಣಿಗಳಲ್ಲೂ ಪರಿಸರದ ಗುಣಮಟ್ಟವನ್ನು ನಾವೇ ನಿಗದಿಪಡಿಸುತ್ತೇವೆ, ನಾವೇ ಗಮನಿಸುತ್ತೇವೆ ಎಂಬರ್ಥದ ಮಾತುಗಳು ಅದರಲ್ಲಿದ್ದವು. ಹೂಡಿಕೆದಾರರನ್ನು ಮೆಚ್ಚಿಸಲು ಬರೆದ ಹೊಳಪು ಕಾಗದದ ಪುಸ್ತಕ ಬಡ ರೈತರ ಸಾಕ್ಷಿಯಾಯಿತು. ಮಾಡದಿರುವುದನ್ನು ಹೇಳುವವರ ಬಗ್ಗೆ ಸೂರಃ ಅಸ್ಸಫ್ಫ್‌ನ ಆರಂಭದಲ್ಲಿ ಬಂದಿರುವ ಎಚ್ಚರಿಕೆ ಯಾರಿಗಾದರೂ ಇಲ್ಲಿ ನೆನಪಾಗದಿರದು.

ಎರಡನೆಯ ಮಾತು ನ್ಯಾಯ ಎಲ್ಲಿ ಸಿಗುತ್ತದೆ ಎಂಬುದರ ಬಗ್ಗೆ. ವೇದಾಂತವು ಝಾಂಬಿಯಾದ ನ್ಯಾಯಾಲಯಕ್ಕೆ ಹಾಜರಾಗಲು ಒಪ್ಪಿತ್ತು. ಆದ್ದರಿಂದ ಸಹಜವಾಗಿ ಮೊಕದ್ದಮೆ ಅಲ್ಲಿಯೇ ನಡೆಯಬೇಕಿತ್ತು. ಆದರೆ ಇಂಥ ದಾವೆಗೆ ಅಲ್ಲಿ ಸರಕಾರದ ಕಾನೂನು ನೆರವು ಇರಲಿಲ್ಲ. ಗೆದ್ದರೆ ಮಾತ್ರ ಶುಲ್ಕ ಪಡೆಯುವ ಒಪ್ಪಂದವನ್ನು ಅಲ್ಲಿನ ಕಾನೂನು ನಿಷೇಧಿಸಿತ್ತು. ಇಷ್ಟು ದೊಡ್ಡ ತಾಂತ್ರಿಕ ಪ್ರಕರಣವನ್ನು ನಡೆಸಬಲ್ಲ ವಕೀಲರ ತಂಡಗಳೂ ಇರಲಿಲ್ಲ. ಬಡವರಿಗೆ ಅಲ್ಲಿ ನಿಜವಾದ ನ್ಯಾಯ ಸಿಗದೆ ಹೋಗುವ ಅಪಾಯವಿದೆ ಎಂದು ಕಂಡ ನ್ಯಾಯಾಲಯ ಲಂಡನ್ನಿನ ಬಾಗಿಲನ್ನು ತೆರೆಯಿತು.

ಒಂದು ವಿಷಯ ಸ್ಪಷ್ಟವಿರಲಿ. ವೇದಾಂತ ತಪ್ಪಿತಸ್ಥ ಎಂದು ಬ್ರಿಟನ್ನಿನ ನ್ಯಾಯಾಲಯ ಹೇಳಲಿಲ್ಲ, ಪ್ರಕರಣವನ್ನು ಇಲ್ಲಿ ಆಲಿಸಬಹುದು ಎಂದಷ್ಟೇ ಹೇಳಿತು. ವಿಚಾರಣೆಗೆ ಮುನ್ನವೇ, 2021ರ ಜನವರಿಯಲ್ಲಿ, ತಪ್ಪೊಪ್ಪಿಗೆ ಇಲ್ಲದೆ ಎರಡೂ ಕಡೆಯವರು ರಾಜಿಯಾದರು. ಅಷ್ಟರಲ್ಲಿ ಅರ್ಜಿದಾರರ ಸಂಖ್ಯೆ ಸುಮಾರು ಎರಡೂವರೆ ಸಾವಿರಕ್ಕೆ ಏರಿತ್ತು. ಮೊತ್ತವನ್ನು ಪ್ರಕಟಿಸಲಿಲ್ಲ. ಆ ನದಿಯ ಕಷ್ಟ ಅಲ್ಲಿಗೆ ಮುಗಿಯಲೂ ಇಲ್ಲ. 2025ರ ಫೆಬ್ರವರಿಯಲ್ಲಿ ಚೀನಾದ ಕಂಪೆನಿಯೊಂದರ ಅಂಗಸಂಸ್ಥೆಗೆ ಸೇರಿದ ಗಣಿ ತ್ಯಾಜ್ಯದ ಕಟ್ಟೆ ಒಡೆದು, ಸುಮಾರು 5 ಕೋಟಿ ಲೀಟರ್ ಆಮ್ಲಭರಿತ ನೀರು ಮತ್ತೆ ಕಫೂಯೆಯ ಉಪನದಿಗೆ ಹರಿಯಿತು. ಕಿಟ್ವೆ ನಗರದ ಕುಡಿಯುವ ನೀರಿನ ಪೂರೈಕೆಯನ್ನೇ ನಿಲ್ಲಿಸಬೇಕಾಯಿತು.

ಇಂಥ ಇನ್ನೊಂದು ಪ್ರಕರಣ ಎರಿತ್ರಿಯಾದ್ದು. ಅಲ್ಲಿನ ಬಿಶಾ ಗಣಿಯಲ್ಲಿ ರಾಷ್ಟ್ರೀಯ ಸೇವೆಯ ಹೆಸರಿನಲ್ಲಿ ತಮ್ಮನ್ನು ಬಲವಂತವಾಗಿ ದುಡಿಸಲಾಯಿತು ಎಂದು, ದೇಶ ಬಿಟ್ಟು ಓಡಿಬಂದ ಕಾರ್ಮಿಕರು ಕೆನಡಾದ ನೆವ್ಸನ್ ಕಂಪೆನಿಯ ಮೇಲೆ ದಾವೆ ಹೂಡಿದರು. 2020ರ ಫೆಬ್ರವರಿಯಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ದಾವೆ ಮುಂದುವರಿಯಬಹುದು ಎಂದಿತು. ಗುಲಾಮಗಿರಿಯನ್ನು ನಿಷೇಧಿಸುವ ಅಂತಾರಾಷ್ಟ್ರೀಯ ನಿಯಮಗಳು ಕಂಪೆನಿಗಳಿಗೆ ಅನ್ವಯಿಸುವುದೇ ಇಲ್ಲ ಎಂದು ಆರಂಭದಲ್ಲೇ ತಳ್ಳಿಹಾಕಲಾಗದು ಎಂಬುದು ಅದರ ನಿಲುವು. ಅದೂ ಆ ವರ್ಷವೇ ರಾಜಿಯಲ್ಲಿ ಮುಗಿಯಿತು.

ಈಗ ನಮ್ಮೊಳಗಿನ ಒಂದು ಸಂದೇಹಕ್ಕೆ ಬರೋಣ. ಮದ್ರಸದಲ್ಲಿ ಓದಿದ ಕೆಲವರಾದರೂ ಬುಖಾರಿಯ ಒಂದು ಹದೀಸನ್ನು ಮುಂದಿಡಬಹುದು. ಗಣಿಯಲ್ಲಿ ಆಗುವ ಹಾನಿಗೆ ಪರಿಹಾರವಿಲ್ಲ ಎಂಬುದು ಅದರ ಮೇಲ್ನೋಟದ ಅರ್ಥ. ಹಾಗಾದರೆ ಕಂಪೆನಿಗಳು ಪಾರಾದಂತೆಯೇ? ಅಲ್ಲ. ಇಮಾಮ್ ನವವಿಯಂಥ ವ್ಯಾಖ್ಯಾನಕಾರರು ಇದನ್ನು ವಿವರಿಸಿದ್ದಾರೆ. ತನ್ನ ಜಾಗದಲ್ಲೋ ಯಾರಿಗೂ ಸೇರದ ಪಾಳು ನೆಲದಲ್ಲೋ ಒಬ್ಬನು ಗಣಿ ತೋಡಿರುತ್ತಾನೆ. ದಾರಿಹೋಕನೊಬ್ಬ ಅದರಲ್ಲಿ ಬಿದ್ದ, ಅಥವಾ ಕೂಲಿಗೆ ಬಂದವನ ಮೇಲೆ ಅದು ತಾನಾಗಿ ಕುಸಿಯಿತು. ಮಾಲಕನ ಕಡೆಯಿಂದ ಯಾವ ಅತಿಕ್ರಮವೂ ಇಲ್ಲದಿದ್ದರೆ ಅವನ ಮೇಲೆ ಹೊಣೆ ಹೊರಿಸಲಾಗದು. ಹದೀಸಿನ ವ್ಯಾಪ್ತಿ ಇಷ್ಟು. ಜನರು ನಡೆಯುವ ದಾರಿಯಲ್ಲಿ ಅಥವಾ ಇನ್ನೊಬ್ಬರ ಜಾಗದಲ್ಲಿ ಅನುಮತಿ ಇಲ್ಲದೆ ತೋಡಿದರೆ ಹೊಣೆ ಅವನದ್ದೇ ಎಂದು ಅದೇ ವಿದ್ವಾಂಸರು ಹೇಳಿದ್ದಾರೆ. ಹಾಗಿರುವಾಗ, ಊರವರು ಕುಡಿಯುವ ಹೊಳೆಗೆ ಆಮ್ಲ ಬಿಡುವುದನ್ನು ಈ ಹದೀಸಿನ ಮರೆಯಲ್ಲಿ ಅಡಗಿಸಲು ಬರುವುದಿಲ್ಲ. ಇತರರಿಗೆ ಹಾನಿ ಮಾಡಬಾರದು, ಹಾನಿಗೆ ಹಾನಿಯಿಂದ ಉತ್ತರಿಸಲೂಬಾರದು ಎಂಬ ಪ್ರವಾದಿ ಬೋಧನೆ ಫಿಕ್‌ಹ್‌ನ ಮೂಲ ಸೂತ್ರಗಳಲ್ಲೊಂದು. ನೀರು, ಹುಲ್ಲುಗಾವಲು ಮತ್ತು ಬೆಂಕಿಯಲ್ಲಿ ಜನರೆಲ್ಲ ಪಾಲುದಾರರು ಎಂಬ ಹದೀಸನ್ನು ಖುತ್ಬಾಗಳಲ್ಲಿ ಹಲವು ಬಾರಿ ಕೇಳಿದ್ದೇವೆ. ಕಫೂಯೆಯಲ್ಲಿ ಆದದ್ದು ಆ ಪಾಲುದಾರಿಕೆಯ ಉಲ್ಲಂಘನೆ.

ವಿಶ್ವಸಂಸ್ಥೆಯೂ ಈ ವಿಷಯದಲ್ಲಿ ಒಂದು ಚೌಕಟ್ಟನ್ನು ರೂಪಿಸಿದೆ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಜಾನ್ ರಗ್ಗಿ ಸಿದ್ಧಪಡಿಸಿದ 31 ಮಾರ್ಗದರ್ಶಿ ತತ್ವಗಳನ್ನು ಮಾನವ ಹಕ್ಕುಗಳ ಮಂಡಳಿ 2011ರ ಜೂನ್‌ನಲ್ಲಿ ಅಂಗೀಕರಿಸಿತು. ಜನರ ಹಕ್ಕುಗಳನ್ನು ಕಾಪಾಡುವ ಕರ್ತವ್ಯ ಸರಕಾರದ್ದು, ಗೌರವಿಸುವ ಹೊಣೆ ಕಂಪೆನಿಗಳದ್ದು, ಹಾನಿಯಾದರೆ ಪರಿಹಾರದ ದಾರಿ ತೆರೆದಿರಬೇಕು. ಸರಕಾರ ಸುಮ್ಮನಿದ್ದರೂ ಕಂಪೆನಿಯ ಹೊಣೆ ತಪ್ಪುವುದಿಲ್ಲ. ಅಗೆಯುವ ಮೊದಲೇ ಯಾರಿಗೆ ತೊಂದರೆಯಾದೀತು ಎಂದು ವಿಚಾರಿಸಿ, ತಡೆದು, ಮಾಡಿದ್ದನ್ನು ಜನರಿಗೆ ತಿಳಿಸಬೇಕು. ಆದರೆ ಇವು ತತ್ವಗಳೇ ಹೊರತು ಕಾನೂನಲ್ಲ. ಕಡ್ಡಾಯ ಒಪ್ಪಂದವೊಂದಕ್ಕಾಗಿ 2014ರಲ್ಲಿ ಜಿನೀವಾದಲ್ಲಿ ಪ್ರಕ್ರಿಯೆ ಆರಂಭವಾಯಿತು. ಮಾತುಕತೆ ವರ್ಷಗಟ್ಟಲೆ ಎಳೆದಾಡಿದೆ. ಶ್ರೀಮಂತ ದೇಶಗಳಿಗೆ ಅದರಲ್ಲಿ ಆಸಕ್ತಿ ಕಡಿಮೆ, ಕಾರಣ ಊಹಿಸುವುದು ಕಷ್ಟವಲ್ಲ.

ನಮ್ಮ ದೇಶದ ಉದಾಹರಣೆ ನಿಯಮಗಿರಿ. ಒಡಿಶಾದ ಈ ಬೆಟ್ಟಸಾಲಿನಲ್ಲಿ ಬಾಕ್ಸೈಟ್ ತೆಗೆದು, ಕೆಳಗಿನ ಲಾಂಜಿಗಢದಲ್ಲಿರುವ ವೇದಾಂತದ ಕಾರ್ಖಾನೆಗೆ ಕೊಡುವ ಯೋಜನೆ ಇತ್ತು. ಅಲ್ಲಿನ ಡೋಂಗ್ರಿಯಾ ಕೊಂಧ್ ಆದಿವಾಸಿಗಳಿಗೆ ಆ ಬೆಟ್ಟವೇ ಬದುಕು, ಅದೇ ಆರಾಧನೆಯ ಸ್ಥಳ. 2013ರ ಏಪ್ರಿಲ್ 18ರಂದು ನಮ್ಮ ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನು ಗ್ರಾಮಸಭೆಗಳೇ ತೀರ್ಮಾನಿಸಲಿ ಎಂದಿತು. 12 ಗ್ರಾಮಸಭೆಗಳು ನಡೆದವು, 12 ಕೂಡ ಗಣಿಗಾರಿಕೆ ಬೇಡವೆಂದವು. ಮರುವರ್ಷ ಕೇಂದ್ರ ಸರಕಾರ ಅನುಮತಿ ನಿರಾಕರಿಸಿತು.

ಬೆಟ್ಟವನ್ನು ಪೂಜಿಸುವವರ ಪರವಾಗಿ ನಾವೇಕೆ ಮಾತನಾಡಬೇಕು ಎಂದು ಕೇಳುವವರಿದ್ದಾರೆ. ಅವರ ಆರಾಧನೆಯನ್ನು ಒಪ್ಪುವುದು ಬೇರೆ, ಅವರ ಮೇಲಾಗುವ ಝುಲ್ಮ್ ಅನ್ನು ತಡೆಯುವುದು ಬೇರೆ. ಹಿಲ್ಫುಲ್ ಫುಝೂಲ್ ಒಪ್ಪಂದವನ್ನು ನೆನಪಿಸಿಕೊಳ್ಳಿ. ಯಮನ್‌ನ ಝಬೀದ್‌ನಿಂದ ಬಂದ ವ್ಯಾಪಾರಿಯ ಸರಕನ್ನು ಮಕ್ಕಾದ ಪ್ರಬಲ ವ್ಯಕ್ತಿ ಆಸ್ ಬಿನ್ ವಾಇಲ್ ಪಡೆದು ಹಣ ಕೊಡಲಿಲ್ಲ. ಆ ಪರದೇಶಿಗೆ ಮಕ್ಕಾದಲ್ಲಿ ಬುಡಕಟ್ಟಿನ ಬೆಂಬಲವಿರಲಿಲ್ಲ. ಕುರೈಶರ ಸರದಾರರು ಅವನ ಮಾತಿಗೆ ಕಿವಿಗೊಡಲಿಲ್ಲ. ಅವನು ಅಬೂ ಕುಬೈಸ್ ಬೆಟ್ಟವನ್ನೇರಿ ಕೂಗಿ ಹೇಳಿದ ಮೇಲೆ, ಅಬ್ದುಲ್ಲಾ ಬಿನ್ ಜುದ್ಆನ್‌ರ ಮನೆಯಲ್ಲಿ ಕೆಲವರು ಸೇರಿ, ಅನ್ಯಾಯಕ್ಕೊಳಗಾದವನು ಯಾರೇ ಆದರೂ ಅವನ ಹಕ್ಕು ಮರಳುವವರೆಗೆ ಅವನ ಪರ ನಿಲ್ಲುವೆವೆಂದು ಪ್ರತಿಜ್ಞೆ ಮಾಡಿದರು. ಪ್ರವಾದಿತ್ವಕ್ಕೆ ಮುಂಚೆ ನಡೆದ ಆ ಸಭೆಯಲ್ಲಿ ಮುಹಮ್ಮದ್(ಸ) ಇದ್ದರು. ಪಾಲ್ಗೊಂಡವರು ವಿಗ್ರಹಾರಾಧಕರು. ಆದರೂ ಇಸ್ಲಾಮಿನ ಕಾಲದಲ್ಲಿ ಅಂಥದ್ದಕ್ಕೆ ಕರೆದರೂ ಹೋಗುವೆನೆಂದು ಅವರು ನಂತರ ಹೇಳಿದರು. ಸ್ವಂತ ಊರಿನಲ್ಲಿ ವಕೀಲನಿಲ್ಲದೆ ಲಂಡನ್ನಿಗೆ ಹೋಗಬೇಕಾದ ಚಿಂಗೋಲಾದ ರೈತನಿಗೂ ಆ ಝಬೀದ್‌ನ ವ್ಯಾಪಾರಿಗೂ ಎಷ್ಟು ವ್ಯತ್ಯಾಸ?

ನಿಯಮಗಿರಿಯ ಗಲಾಟೆ ನಡೆಯುತ್ತಿದ್ದಾಗ ಇನ್ನೊಂದು ಸಂಗತಿಯೂ ನಡೆಯಿತು. 2007ರಲ್ಲಿ ನಾರ್ವೆಯ ಸರಕಾರಿ ಪಿಂಚಣಿ ನಿಧಿ ವೇದಾಂತವನ್ನು ತನ್ನ ಹೂಡಿಕೆಯಿಂದ ಹೊರಗಿಟ್ಟಿತು. 2010ರಲ್ಲಿ ಇಂಗ್ಲೆಂಡಿನ ಚರ್ಚು ತನ್ನಲ್ಲಿದ್ದ ವೇದಾಂತದ ಶೇರುಗಳನ್ನು ಮಾರಿಬಿಟ್ಟಿತು. ಇದನ್ನು ಓದಿ ನಮ್ಮ ಹಣದ ಬಗ್ಗೆಯೂ ಯೋಚಿಸಬೇಕಾಗಿದೆ. ನಮ್ಮ ಸಮುದಾಯದ ವೃತ್ತಿಪರ ಯುವಕರು, ಗಲ್ಫಿನಲ್ಲಿ ದುಡಿಯುವವರು ಈಗ ಶೇರು, ಮ್ಯೂಚುವಲ್ ಫಂಡ್‌ಗಳಲ್ಲಿ ಹಣ ಹಾಕುತ್ತಿದ್ದಾರೆ. ಶರೀಅತ್ ಸಮ್ಮತ ಫಂಡ್ ಎಂದರೆ ಸಾಮಾನ್ಯವಾಗಿ ನೋಡುವುದು ಎರಡನ್ನು: ಮದ್ಯ, ಜೂಜು, ಹಂದಿಮಾಂಸ, ಬಡ್ಡಿಯ ವ್ಯವಹಾರ ಇದೆಯೇ, ಕಂಪೆನಿಯ ಸಾಲ ಮತ್ತು ಬಡ್ಡಿ ಆದಾಯದ ಪ್ರಮಾಣ ಮಿತಿಯೊಳಗಿದೆಯೇ. ತಾಮ್ರ, ಕಬ್ಬಿಣ, ಅಲ್ಯುಮಿನಿಯಂ ಹಲಾಲ್ ವಸ್ತುಗಳು. ಹಾಗಾಗಿ ಗಣಿ ಕಂಪೆನಿ ಮೊದಲ ಜರಡಿಯನ್ನು ಸುಲಭವಾಗಿ ದಾಟುತ್ತದೆ. ಅದು ಯಾರ ಹೊಳೆಯನ್ನು ಕೆಡಿಸಿತು ಎಂದು ಕೇಳುವ ಜರಡಿ ಹೆಚ್ಚಿನ ಕಡೆ ಇಲ್ಲ. ಬಡ್ಡಿಯ ಲೆಕ್ಕದಲ್ಲಿ ಇಷ್ಟು ಸೂಕ್ಷ್ಮವಾಗಿರುವ ನಾವು ಝುಲ್ಮ್‌ನ ಲೆಕ್ಕದಲ್ಲಿ ಇಷ್ಟು ಉದಾರವಾಗಿರುವುದು ಸರಿಯಲ್ಲ. ಈ ಕುರಿತು ನಮ್ಮ ಉಲಮಾಗಳು ಮಾರ್ಗದರ್ಶನ ನೀಡಬೇಕು. ಅಲ್ಲಿಯವರೆಗೆ ಹೂಡಿಕೆದಾರರೇ ಸ್ವಲ್ಪ ವಿಚಾರಿಸಬಹುದು. ನಮ್ಮ ಶೇರುಪೇಟೆಯ ಅಗ್ರ 1,000 ಕಂಪೆನಿಗಳು ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿ ಕೊಡುವುದನ್ನು ಸೆಬಿ 2022–23ರಿಂದ ಕಡ್ಡಾಯಗೊಳಿಸಿದೆ. ಸ್ಥಳೀಯ ಜನರಿಂದ ಬಂದ ದೂರುಗಳೆಷ್ಟು, ಇತ್ಯರ್ಥವಾದವೆಷ್ಟು ಎಂಬ ಕಾಲಮು ಅದರಲ್ಲಿದೆ.

ಕರ್ನಾಟಕಕ್ಕೆ ವಿದೇಶಿ ಗಣಿ ಕಂಪೆನಿ ಹೊಸದಲ್ಲ. ಕೋಲಾರದ ಚಿನ್ನದ ಗಣಿಗಳನ್ನು 1880ರಿಂದ 1956ರವರೆಗೆ ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಗಣಿ 2001ರಲ್ಲಿ ಮುಚ್ಚಿತು. ಸೈನೈಡ್ ಬಳಸಿ ಚಿನ್ನ ತೆಗೆದ ಮಣ್ಣಿನ ಗುಡ್ಡಗಳು ಇನ್ನೂ ಕೆಜಿಎಫ್‌ನಲ್ಲಿವೆ. ವೇದಾಂತ ಸಮೂಹವೂ 2007ರಲ್ಲಿ ಸೆಸಾ ಗೋವಾವನ್ನು ಕೊಂಡಾಗ ಚಿತ್ರದುರ್ಗ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಯ ಒಡೆತನ ಪಡೆಯಿತು. ಬಳ್ಳಾರಿಯ ಕಥೆಯಲ್ಲಿ ಮುಖ್ಯ ಪಾತ್ರ ನಮ್ಮವರದ್ದೇ, ಹೊರದೇಶದವರದ್ದಲ್ಲ. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ, 2011ರ ಗಣಿ ನಿಷೇಧ ಎಲ್ಲರಿಗೂ ತಿಳಿದದ್ದು. ಅತ್ಯಂತ ಗಂಭೀರ ಅಕ್ರಮ ನಡೆದ ಸಿ ವರ್ಗದ ಗುತ್ತಿಗೆಗಳನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿದ್ದು ನಿಯಮಗಿರಿಯ ತೀರ್ಪು ಬಂದ ದಿನವೇ, 2013ರ ಏಪ್ರಿಲ್ 18ರಂದು.

ಸಂಡೂರು, ಹೊಸಪೇಟೆ, ಹೊಳಲ್ಕೆರೆಯ ಕಡೆ ನಮ್ಮ ಓದುಗ ಕುಟುಂಬಗಳಿವೆ. ಲಾರಿ ಓಡಿಸುವವರು, ಗ್ಯಾರೇಜ್ ಇಟ್ಟವರು, ಧೂಳಿನಲ್ಲಿ ಹೊಲ ಮಾಡುವವರು. ಅವರಿಗೆ ಉಪಯೋಗಕ್ಕೆ ಬರುವ ಕಾನೂನೊಂದಿದೆ. 2015ರ ತಿದ್ದುಪಡಿಯ ಪ್ರಕಾರ ಗಣಿ ಇರುವ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನ ಇರಬೇಕು. 2015ರ ಜನವರಿ 12ಕ್ಕಿಂತ ಮೊದಲಿನ ಗುತ್ತಿಗೆದಾರರು ರಾಜಧನದ ಶೇ. 30ರಷ್ಟನ್ನು, ನಂತರ ಹರಾಜಿನಲ್ಲಿ ಪಡೆದವರು ಶೇ. 10ರಷ್ಟನ್ನು ಹೆಚ್ಚುವರಿಯಾಗಿ ಅದಕ್ಕೆ ಕಟ್ಟಬೇಕು. ಹಣದ ಹೆಚ್ಚಿನ ಪಾಲು ಗಣಿಬಾಧಿತ ಊರುಗಳ ಕುಡಿಯುವ ನೀರು, ಆರೋಗ್ಯ, ಶಿಕ್ಷಣ ಮುಂತಾದವುಗಳಿಗೆ ಹೋಗಬೇಕು. ಇದು ಕಂಪೆನಿಯ ದಾನವಲ್ಲ, ಊರಿನ ಹಕ್ಕು. ನಿಮ್ಮ ಊರು ಬಾಧಿತ ಗ್ರಾಮಗಳ ಪಟ್ಟಿಯಲ್ಲಿದೆಯೇ, ಎಷ್ಟು ಹಣ ಬಂದಿದೆ, ಯಾವುದಕ್ಕೆ ಖರ್ಚಾಗಿದೆ ಎಂದು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕೇಳಬಹುದು. ಜಮಾಅತ್ ಕಮಿಟಿಯೂ ಇದನ್ನು ಮಾಡಬಹುದು, ಆದರೆ ಊರಿನ ಎಲ್ಲ ಸಮುದಾಯದವರೊಂದಿಗೆ ಸೇರಿ ಮಾಡಿದರೆ ಹೆಚ್ಚು ಒಳ್ಳೆಯದು.

ಗ್ರಾಮಸಭೆಯಲ್ಲಿ ಬಾವಿ, ಬೆಳೆ, ಕೆಮ್ಮಿನ ವಿಷಯ ಎತ್ತಿದರೆ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಪ್ರತಿ ಪಡೆಯಿರಿ. ನೀರನ್ನು ಪರೀಕ್ಷೆ ಮಾಡಿಸಿದ ಚೀಟಿ, ಆಸ್ಪತ್ರೆಯ ಕಾಗದ, ಎಕ್ಸ್‌ರೇ, ಬೆಳೆ ಹಾಳಾದ ದಿನದ ಫೋಟೊ ಇವುಗಳನ್ನು ತಾರೀಕು ಹಾಕಿ ಒಂದು ಫೈಲಿನಲ್ಲಿಡಿ. ವ್ಯವಹಾರವನ್ನು ಬರೆದಿಡಿ ಎಂದು ಸೂರಃ ಅಲ್‌ಬಕರದ ದೀರ್ಘ ಸೂಕ್ತದಲ್ಲಿ ಅಲ್ಲಾಹನು ಆದೇಶಿಸಿರುವುದು ಸಾಲದ ಬಗ್ಗೆ. ಅದರ ಉದ್ದೇಶ ಹಕ್ಕು ನಷ್ಟವಾಗದಿರಲಿ ಎಂಬುದು. ಚಿಂಗೋಲಾದ ಎರಡು ಸಾವಿರ ಮಂದಿಯಲ್ಲಿ 12 ಮಂದಿಗಷ್ಟೇ ಸ್ವಂತ ದೇಶದ ನ್ಯಾಯಾಲಯದಲ್ಲಿ ಪರಿಹಾರ ಉಳಿದದ್ದು ಇಂಥ ಕಾಗದಗಳಿಂದ.